ಚಿತ್ರದ ಹಿಂದಿನ ಮಾತು

ಕಂತು ಏಳು

“ಇನ್ನೊಂದು ಸಲ ಓದಿಸು,” ಎಂದಳು ವಿಯೆನೊ ಹಾರ್ಯು.

ಡೆಲ್ಫೀನ್ ಕಡಾಟ್ ಕೀಲಿಮಣೆಯ ಮೇಲೆ ಬೆರಳೊತ್ತಿದಳು. ಸಾವಿನ ಸುದ್ದಿಯನ್ನೂ ಊಟದ ಪಟ್ಟಿಯನ್ನೂ ಒಂದೇ ಸ್ವರದಲ್ಲಿ ಓದುವ ಸ್ಕ್ರೀನ್ ರೀಡರ್, ಪರೀಕ್ಷೆಯ ಮೂರನೆಯ ಚಿತ್ರವನ್ನು ಮತ್ತೆ ಓದಿತು.

“ಮಂಡಿಯಿಂದ ಕೆಳಗಿನ ಕಾಲು. ಬಾಣದ ಗುರುತು ಹೊರಬದಿಯ ಎಲುಬಿನ ಮೇಲಿದೆ. ಇದು ಫಿಬುಲಾ. ದಪ್ಪ ಎಲುಬಿಗೆ ಒರಗಿಸಿಟ್ಟ ಗಾಳದ ಕೋಲಿನಷ್ಟು ತೆಳು.”

“ಪ್ರಶ್ನೆ ಏನು ಕೇಳಿದ್ದಾರೆ?”

“ಬಾಣ ತೋರಿಸ್ತಿರೋ ಎಲುಬಿನ ಹೆಸರೇನು ಅಂತ.” ಡೆಲ್ಫೀನ್ ನಕ್ಕಳು, ಆದರೆ ನಗು ಅರ್ಧಕ್ಕೇ ಸುಸ್ತಾಯಿತು. “ಬಾಯಿಗೆ ತುತ್ತಿಟ್ಟು, ಈಗ ಹೇಳಮ್ಮಾ ಏನು ತಿಂದೆ ಅಂದ ಹಾಗಿದೆ. ಹನ್ನೆರಡು ಚಿತ್ರಾನೂ ಹೀಗೇ, ಮಿಸ್.”

ಮಂಗಳವಾರದ ಅಂಗರಚನಾ ಪರೀಕ್ಷೆಯಲ್ಲಿ ಹನ್ನೆರಡಕ್ಕೆ ಹನ್ನೆರಡು ಅಂಕ ತೆಗೆದದ್ದಕ್ಕೆ ಅವಳ ಮೇಲೆ ಉತ್ತರಪಟ್ಟಿ ಕದ್ದ ಆರೋಪ ಬಂದಿತ್ತು. ಇವತ್ತು ಗುರುವಾರ. ವಿಚಾರಣೆ ಮಧ್ಯಾಹ್ನ ಎರಡಕ್ಕೆ. ಅಲ್ಲಿ ತೀರ್ಪು ವಿರುದ್ಧವಾಗಿ ಬಂದರೆ ಫಿಸಿಯೋಥೆರಪಿ ಸಹಾಯಕರ ತರಗತಿಯಲ್ಲಿ ಅವಳ ಜಾಗ ಹೋದಂತೆ. ಹದಿನೇಳಕ್ಕೆ ಕಣ್ಣು ಹೋದವಳು, ಇಪ್ಪತ್ತಮೂರಕ್ಕೆ ಆ ಜಾಗ ಗಿಟ್ಟಿಸಿಕೊಂಡಿದ್ದಳು. ಅದನ್ನು ಎರಡನೆಯ ಸಲ ಯಾರೂ ಕೊಡುವುದಿಲ್ಲ.

ವಿಚಾರಣೆಯ ಸಲುವಾಗಿ ಡೀನ್ ಕಚೇರಿಯವರು ಪರೀಕ್ಷೆಯ ಆನ್‌ಲೈನ್ ಪುಟವನ್ನು ಇವತ್ತು ಬೆಳಿಗ್ಗೆಯಷ್ಟೇ ತೆರೆದುಕೊಟ್ಟಿದ್ದರು. ಅಲ್ಲಿಯವರೆಗೆ ವಿಯೆನೊ ಹುಡುಗಿಯ ಮಾತನ್ನು ನಂಬಿದ್ದಳು. ಈಗ ಕಿವಿಯಾರೆ ಕೇಳಿದಳು.

ಪುಟದಲ್ಲಿ ಚಿತ್ರ ನೋಡುವವರಿಗೆ ಕಾಣುವುದು ಕಾಲು, ಬಾಣ, ಅಷ್ಟೆ. ಕಾಣದವರಿಗಾಗಿ ಚಿತ್ರದ ಹಿಂದೆ ಒಂದು ವಿವರಣೆ ಕೂತಿರುತ್ತದೆ, ಅದನ್ನು ಯಂತ್ರ ಓದುತ್ತದೆ. ಮೂವತ್ತು ಮಂದಿಯ ತರಗತಿಯಲ್ಲಿ ಆ ವಿವರಣೆ ಕಿವಿಗೆ ಬಿದ್ದದ್ದು ಡೆಲ್ಫೀನ್ ಒಬ್ಬಳಿಗೆ. ಮಿಕ್ಕ ಇಪ್ಪತ್ತೊಂಬತ್ತು ಮಂದಿಗೆ ಅಲ್ಲೊಂದು ಮಾತಿದೆ ಎಂಬುದೇ ಗೊತ್ತಿರಲಿಲ್ಲ.

“ಕೊನೇಲಿ, ಶಿಕ್ಷಕರಿಗೆ ಏನಾದ್ರೂ ಹೇಳೋದಿದ್ಯಾ ಅಂತ ಒಂದು ಪೆಟ್ಟಿಗೆ ಇತ್ತು,” ಎಂದಳು ಡೆಲ್ಫೀನ್. ಇದನ್ನು ಅವಳು ಈ ಎರಡು ದಿನಗಳಲ್ಲಿ ಎಷ್ಟು ಸಲ ಹೇಳಿದ್ದಳೋ. “ಅದರಲ್ಲಿ ಬರೆದೆ. ಸಾರ್, ನಿಮ್ಮ ಚಿತ್ರಗಳೇ ಉತ್ತರ ಹೇಳಿಬಿಡ್ತಿವೆ, ನನಗೆ ಬೇರೆ ಪರೀಕ್ಷೆ ಕೊಡಿ ಅಂತ. ಅಂಥದ್ದೇನೂ ಬಂದಿಲ್ಲ ಅಂತ ಟ್ರೆವಾರೊ ಸಾರ್ ಡೀನ್‌ಗೆ ಬರೆದುಕೊಟ್ಟಿದ್ದಾರೆ.”

“ಬರೆದುಕೊಟ್ಟಿದ್ದಾನೆ,” ಎಂದಳು ವಿಯೆನೊ ಅನ್ಯಮನಸ್ಕಳಾಗಿ.

ಅವಳ ತಲೆಯಲ್ಲಿ ಗಾಳದ ಕೋಲು ನಿಂತುಬಿಟ್ಟಿತ್ತು. ಚಳಿಗಾಲದಲ್ಲಿ ಸುಪೀರಿಯರ್ ಸರೋವರದ ಮಂಜುಗಡ್ಡೆಗೆ ತೂತು ಕೊರೆದು, ಅದರ ಮುಂದೆ ಹೊತ್ತುಗಟ್ಟಲೆ ಕೂತು ಮೀನು ಹಿಡಿಯುತ್ತಿದ್ದ ಅಪ್ಪನ ಕೋಲು ಅದು. ಎಲುಬಿಗೆ ಆ ಹೋಲಿಕೆ ಕೊಡುವವರು ಈ ಐರನ್ ಬೇ ಕಾಲೇಜಿನಲ್ಲಿ ಇನ್ನೊಬ್ಬರಿರಲಿಲ್ಲ.

“ಈ ಮಾತು ನಂದು,” ಎಂದಳು.

ಕೋಣೆಯ ಆಚೆ ಮೂಲೆಯಲ್ಲಿ ಕತ್ತರಿಯ ಸದ್ದು ನಿಂತಿತು.

ಬಾಗಿಲ ಮೇಲೆ ಉದ್ದನೆಯ ಹೆಸರಿದ್ದರೂ ಎಲ್ಲರ ಬಾಯಲ್ಲಿ ಇದು ಬ್ರೈಲ್ ಕೋಣೆ. ಪಠ್ಯಪುಸ್ತಕಗಳು ಇಲ್ಲಿ ಚುಕ್ಕೆಗಳಾಗುತ್ತವೆ, ದನಿಯಾಗುತ್ತವೆ, ಬೆರಳಿಗೆ ಸಿಗುವ ಉಬ್ಬುಚಿತ್ರಗಳಾಗುತ್ತವೆ. ಉಬ್ಬುಚಿತ್ರ ಮಾಡುವವನು ವೆಂಡೆಲ್ ಓಯಲ. ಕೋಣೆಯ ಮುಖ್ಯಸ್ಥೆ ವಿಯೆನೊಳ ಜೊತೆ ಇಪ್ಪತ್ತೆರಡು ವರ್ಷ ಇದೇ ಕೋಣೆಯಲ್ಲಿ ಕಳೆದವನು. ಹಾಳೆಯ ಮೂಲೆ ಯಾರ ಬೆರಳಿಗೂ ಚುಚ್ಚದಿರಲಿ ಎಂದು ಪ್ರತಿ ಚಿತ್ರದ ನಾಲ್ಕು ಮೂಲೆಗಳನ್ನೂ ದುಂಡಗೆ ಕತ್ತರಿಸುತ್ತಿದ್ದ. ಹಾಗೆ ಮಾಡು ಎಂದು ಯಾರೂ ಅವನಿಗೆ ಹೇಳಿರಲಿಲ್ಲ.

“ನಿಮ್ದಾ?” ಎಂದ ಅವನು.

“ಮೂರು ವರ್ಷದ ಹಿಂದೆ ಬರೆದದ್ದು. ಪರೀಕ್ಷೆಗಲ್ಲ, ಪಠ್ಯಪುಸ್ತಕಕ್ಕೆ. ಓದಿ ಕಲಿಯೋ ಪುಸ್ತಕದಲ್ಲಿ ಹೆಸರು ಹೇಳಲೇಬೇಕು. ಪರೀಕ್ಷೆಯಲ್ಲಿ ಹೇಳಲೇಬಾರದು. ಒಂದೇ ಚಿತ್ರ, ವಿವರಣೆ ಬೇರೆ. ಯಾರೋ ಪುಸ್ತಕದ್ದನ್ನ ಎತ್ತಿ ಪರೀಕ್ಷೆಗೆ ಅಂಟಿಸಿದ್ದಾರೆ.”

“ಹಾಗಂತ ಹೊರಗೆ ಹೇಳ್ಬೇಡಿ, ವಿಯೆನೊ. ಮಾತು ನಿಮ್ಮದು ಅಂದ್ರೆ ತಪ್ಪೂ ನಿಮ್ಮದೇ ಅಂತಾರೆ.”

“ಅಂದ್ರೆ ಅನ್ಲಿ.”

“ನಿವೃತ್ತಿಗೆ ಇನ್ನು ಮೂರು ತಿಂಗಳು.”

“ಅದನ್ನ ದಿನಾ ಹೇಳ್ಬೇಡಪ್ಪಾ. ಎಣಿಸೋಕೆ ನನಗೂ ಬರುತ್ತೆ.”

ವೆಂಡೆಲ್ ಎದ್ದುಬಂದು, ಡೆಲ್ಫೀನಳ ಕೈಗೆ ಏಲಕ್ಕಿ ಹಾಕಿದ ನಿಸು ಎಂಬ ಸಿಹಿ ಬ್ರೆಡ್ಡಿನ ಒಂದು ತುಂಡು ಕೊಟ್ಟ. ಅದಕ್ಕೆ ಬೆಣ್ಣೆ ಮೊದಲೇ ಸವರಿತ್ತು. “ತಿನ್ನು ಮರಿ. ಖಾಲಿ ಹೊಟ್ಟೇಲಿ ವಿಚಾರಣೆಗೆ ಹೋಗಬಾರದು. ನಾನು ಜೊತೆಗಿರ್ತೀನಲ್ಲ.”

ವಿಚಾರಣೆಗೆ ಒಬ್ಬರನ್ನು ಜೊತೆಗೆ ಕರೆತರಬಹುದು ಎಂದಾಗ ಡೆಲ್ಫೀನ್ ಹೇಳಿದ ಹೆಸರು ಅವನದು. ವಿಯೆನೊಗೆ ಅದರಿಂದ ಸ್ವಲ್ಪ ನೋವಾಗಿದ್ದೂ ನಿಜ. ಆದರೆ ವೆಂಡೆಲ್ ಪಕ್ಕದಲ್ಲಿದ್ದರೆ ಯಾರಿಗಾದರೂ ಧೈರ್ಯ ಬರುತ್ತಿತ್ತು.

ವಿಯೆನೊ ಕೋಟು ತೊಟ್ಟಳು. ಮೊಣಕಾಲು ಮುನಿಸಿಕೊಂಡಿತ್ತು. ಟ್ರೆವಾರೊನನ್ನು ಕಾಣಲು ಅಂಗಳದಾಚೆಯ ಕಟ್ಟಡಕ್ಕೆ ನಡೆಯಬೇಕು, ಮಾರ್ಚಿನ ಹಿಮ ಕರಗಿ ಮತ್ತೆ ಗಟ್ಟಿಯಾಗಿ ಗಾಜಿನಂತೆ ಕೂತಿತ್ತು.

“ಮಿಸ್,” ಎಂದು ಕರೆದಳು ಡೆಲ್ಫೀನ್. “ಎಡಗಾಲು ಎಳೀತಿದೀರ. ನಿಧಾನ ಹೋಗಿ.”

*

ಅರೆಕಾಲಿಕ ಶಿಕ್ಷಕರಿಗೆ ಕಾಲೇಜು ಕೊಟ್ಟಿದ್ದ ಕೋಣೆಯಲ್ಲಿ ನಾಲ್ಕು ಮೇಜು, ಹನ್ನೊಂದು ಹೆಸರು. ಆ ಹೊತ್ತಿನಲ್ಲಿ ಅಂಗರಚನೆ ಕಲಿಸುವ ಕ್ಲೈವ್ ಟ್ರೆವಾರೊ ಒಬ್ಬನೇ ಇದ್ದ. ಮುಂದೆ ಕಾಗದದ ಮೇಲೆ ಅರ್ಧ ತಿಂದ ಮಾಂಸದ ಕಡುಬು ಪ್ಯಾಸ್ಟಿ, ಪರದೆಯ ಮೇಲೆ ತಿದ್ದದ ಪರೀಕ್ಷೆಗಳು. ಐವತ್ತು ದಾಟಿದವನು, ಎರಡು ಕಾಲೇಜುಗಳ ನಡುವೆ ಕಾರಿನಲ್ಲೇ ಜೀವನ ಸವೆಸಿದವನು.

“ವಿಚಾರಣೆಗೆ ಮೊದಲು ನಾವಿಬ್ಬರೂ ಮಾತಾಡಬಾರದು ಅಂತ ಡೀನ್ ಬ್ಯೂಡ್ರಿ ಹೇಳಿದ್ದಾರೆ,” ಎಂದ ಅವನು, ಅವಳ ಮುಖ ನೋಡದೆ.

“ಮಾತಾಡೋದು ಬೇಡ. ನಾನು ಒಂದು ಸಾಲು ಓದ್ತೀನಿ, ನೀವು ಕೇಳಿ.”

ಅವಳು ಚೀಟಿ ತೆಗೆದು ಗಾಳದ ಕೋಲಿನ ಸಾಲನ್ನು ಓದಿದಳು. ಟ್ರೆವಾರೊನ ಕೈ ಪ್ಯಾಸ್ಟಿಯ ಮೇಲೇ ನಿಂತಿತು.

“ಇದು ನಾನು ಪಠ್ಯಪುಸ್ತಕಕ್ಕೆ ಬರೆದ ವಿವರಣೆ. ನಿಮ್ಮ ಪರೀಕ್ಷೆಗೆ ಹೇಗೆ ಬಂತು?”

“ಅದು… ಆ ತಂತ್ರಾಂಶ ತಾನಾಗೇ ವಿವರಣೆ ಬರೆಯುತ್ತಲ್ಲ. ಹಾಗೇ ಬಂದಿರಬೇಕು.”

“ಕ್ಲೈವ್. ಆ ತಂತ್ರಾಂಶಕ್ಕೆ ನಮ್ಮಪ್ಪ ಗೊತ್ತಿಲ್ಲ.”

ಅವನಿಗೆ ನಗು ಬಂದುಬಿಟ್ಟಿತು. ಬಂದ ನಗು ಮುಖದ ಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ಅಲ್ಲೇ ಕರಗಿತು. ಅವನು ಕುರ್ಚಿಯನ್ನು ಹಿಂದೆ ತಳ್ಳಿ, ಪರದೆಯನ್ನು ಅವಳ ಕಡೆ ತಿರುಗಿಸಿದ.

“ಇದನ್ನ ನೋಡಿ. ಈ ಮುಳ್ಳು.”

ಆನ್‌ಲೈನ್ ತರಗತಿಯ ಪ್ರತಿ ಪುಟದ ಪಕ್ಕದಲ್ಲೂ ಕಾರಿನ ಪೆಟ್ರೋಲ್ ಮುಳ್ಳಿನಂಥ ಒಂದು ಪುಟ್ಟ ಮುಳ್ಳಿತ್ತು. ಚಿತ್ರಕ್ಕೆ ವಿವರಣೆ ಇಲ್ಲದಿದ್ದರೆ, ವಿಡಿಯೋಗೆ ಅಡಿಬರಹ ಇಲ್ಲದಿದ್ದರೆ ಅದು ಕೆಂಪಿಗೆ ಬೀಳುತ್ತದೆ. ಎಲ್ಲ ಸರಿಯಿದ್ದರೆ ಹಸಿರು. ವಿವರಣೆ ಇದೆಯೋ ಇಲ್ಲವೋ ಎಂದಷ್ಟೇ ಮುಳ್ಳಿಗೆ ಗೊತ್ತು. ಅದರಲ್ಲಿ ಏನು ಬರೆದಿದೆ ಎಂದು ಅದು ಓದುವುದಿಲ್ಲ.

“ಸೋಮವಾರದ ಒಳಗೆ ಎಲ್ಲಾ ಪುಟಾನೂ ಹಸಿರಾಗಬೇಕು, ಇಲ್ಲದಿದ್ರೆ ಮುಂದಿನ ಅವಧಿಗೆ ನಿಮ್ಮ ಹೆಸರು ಇರಲ್ಲ ಅಂತ ಬ್ಯೂಡ್ರಿ ಬರೆದಿದ್ರು. ನನಗೆ ಐದು ತರಗತಿ. ನೂರ ನಲವತ್ತು ಮಕ್ಕಳು. ಹನ್ನೆರಡು ಚಿತ್ರ ಕೆಂಪಾಗಿತ್ತು. ನಿಮ್ಮ ಕೋಣೆಯ ಸಂಗ್ರಹದಲ್ಲಿ ಅದೇ ಹನ್ನೆರಡು ಚಿತ್ರಕ್ಕೆ ಅಷ್ಟು ಚೆನ್ನಾಗಿ ಬರೆದ ವಿವರಣೆ ಇತ್ತು. ಎತ್ತಿ ಹಾಕಿದೆ. ಹಸಿರಾಯ್ತು.”

“ಓದಲಿಲ್ಲ.”

“ಓದಲಿಲ್ಲ.” ಅವನು ಕಣ್ಣುಜ್ಜಿಕೊಂಡ. “ನಿಮ್ಮ ಬರಹ ಅಂದ್ರೆ ಓದಿ ನೋಡ್ಬೇಕಾ ಅನ್ನೋ ನಂಬಿಕೆ, ಸುಸ್ತು ಬೇರೆ.”

ವಿಯೆನೊ ಪಕ್ಕದ ಕುರ್ಚಿಯಲ್ಲಿ ಕೂತಳು. ಕೋಪ ಮಾಡಿಕೊಳ್ಳಬೇಕೆಂದೇ ಬಂದಿದ್ದಳು. ಆದರೆ ಅವನ ಅಂಗಿಯ ತೋಳಿಗೆ ಬೇರೆ ಬಣ್ಣದ ಗುಂಡಿ ಹೊಲಿದಿತ್ತು, ಅದೂ ಅವನೇ ಹೊಲಿದದ್ದು ಎಂದು ನೋಡಿದರೆ ಗೊತ್ತಾಗುತ್ತಿತ್ತು. ಕೋಪವನ್ನು ಎಲ್ಲಿಂದ ಶುರುಮಾಡುವುದೆಂದು ಅವಳಿಗೆ ತಿಳಿಯಲಿಲ್ಲ.

“ತಪ್ಪು ಎಲ್ಲರಿಂದಲೂ ಆಗುತ್ತೆ,” ಎಂದಳು. “ಆದ್ರೆ ಆ ಹುಡುಗಿ ನಿಮಗೆ ಬರೆದು ತಿಳಿಸಿದ್ದಳು. ಪರೀಕ್ಷೆಯ ಕೊನೆಯ ಪೆಟ್ಟಿಗೆಯಲ್ಲಿ. ಅದು ಬಂದಿಲ್ಲ ಅಂದ್ರಿ. ಅದು ತಪ್ಪಲ್ಲ ಕ್ಲೈವ್, ಸುಳ್ಳು.”

ಅವನು ತಟ್ಟನೆ ತಲೆಯೆತ್ತಿದ. ಮುಖದಲ್ಲಿ ಭಯವಿರಲಿಲ್ಲ. ಅಲ್ಲಿದ್ದದ್ದು ಆಶ್ಚರ್ಯ, ಅದರ ಹಿಂದೆಯೇ ಸಿಟ್ಟು.

“ನೀವು ನನ್ನನ್ನ ಸುಳ್ಳುಗಾರ ಅಂತೀರಾ? ನೀವು?”

“ಇನ್ಯಾರು ಅನ್ಬೇಕು?”

“ನಾನು ನಿನ್ನೆಯಿಂದ ಬಾಯಿ ಮುಚ್ಕೊಂಡು ಕೂತಿರೋದು ಯಾರಿಗೋಸ್ಕರ ಅಂದ್ಕೊಂಡಿದೀರಿ? ನನಗೋಸ್ಕರ ಅರ್ಧ. ಇನ್ನರ್ಧ ನಿಮಗೋಸ್ಕರ, ತಾಯೀ!”

ಅವನು ಫೋನು ತೆಗೆದು, ಹುಡುಕಿ, ಮೇಜಿನ ಮೇಲೆ ಅವಳತ್ತ ಜಾರಿಸಿದ.

ಡೆಲ್ಫೀನಳ ಟಿಪ್ಪಣಿ ಅಲ್ಲಿತ್ತು. ಅವಳು ಹೇಳಿದ ಹಾಗೆಯೇ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಅದರ ಮೇಲೆ ಟ್ರೆವಾರೊ ಬ್ರೈಲ್ ಕೋಣೆಗೆ ಕಳಿಸಿದ ಇಮೇಲ್: ‘ಈ ಹುಡುಗಿ ಹೇಳುವುದು ನಿಜವೇ? ದಯವಿಟ್ಟು ಪರಿಶೀಲಿಸಿ.’ ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ.

ಅದರ ಮೇಲೆ ಒಂದು ಉತ್ತರ. ಹನ್ನೊಂದು ಗಂಟೆ ಹನ್ನೆರಡು ನಿಮಿಷ.

‘ಪರಿಶೀಲಿಸಿದ್ದೇವೆ. ವಿವರಣೆಗಳಲ್ಲಿ ದೋಷವಿಲ್ಲ. ವಿದ್ಯಾರ್ಥಿನಿ ತಪ್ಪಾಗಿ ತಿಳಿದಿರಬಹುದು. ವಿಯೆನೊ ಹಾರ್ಯು.’

ವಿಯೆನೊ ಅದನ್ನು ಮೂರು ಸಲ ಓದಿದಳು.

“ಕ್ಲೈವ್,” ಎಂದಳು ಕೊನೆಗೆ, “ಮಂಗಳವಾರ ಬೆಳಿಗ್ಗೆ ನಾನು ಕಣ್ಣಿನ ಡಾಕ್ಟರ ಹತ್ತಿರ ಇದ್ದೆ. ಹತ್ತು ಗಂಟೆಗೇ ಕಣ್ಣಿಗೆ ಔಷಧಿ ಬಿಟ್ಟಿದ್ರು. ಸಂಜೆವರೆಗೂ ನನಗೆ ನನ್ನ ಕೈಬೆರಳೇ ಕಾಣ್ತಿರಲಿಲ್ಲ. ತಂಗಿ ಬಂದು ಕೈಹಿಡಿದು ಮನೆಗೆ ಕರ್ಕೊಂಡು ಹೋದಳು.”

ಟ್ರೆವಾರೊ ಫೋನನ್ನು ತನ್ನತ್ತ ಎಳೆದುಕೊಂಡು ಆ ಉತ್ತರವನ್ನು ಮತ್ತೆ ಓದಿದ.

“ದೋಷ ಇಲ್ಲ ಅಂತ ಬಂತು,” ಎಂದ ಆಮೇಲೆ, ಮೆಲ್ಲಗೆ. “ನಿಮ್ಮ ಹೆಸರಲ್ಲಿ ಬಂತು. ನಂಬಿದೆ. ಹುಡುಗಿ ಎಲ್ಲಿಂದಲೋ ಉತ್ತರ ತಗೊಂಡು ಕತೆ ಕಟ್ತಿದಾಳೆ ಅಂತ ದೂರು ಕೊಟ್ಟೆ. ಬುಧವಾರ ಕೂತು ನಾನೇ ವಿವರಣೆಗಳನ್ನ ಓದಿದೆ. ಹುಡುಗಿ ಹೇಳಿದ್ದು ನಿಜ. ಅಷ್ಟರಲ್ಲಿ ದೂರು ಹೋಗಿಯಾಗಿತ್ತು. ಟಿಪ್ಪಣಿ ಬಂತು ಅಂತ ಹೇಳಿದ್ರೆ ನಿಮ್ಮ ಉತ್ತರಾನೂ ತೋರಿಸ್ಬೇಕು. ಇಷ್ಟು ವರ್ಷ ಕೆಲಸ ಮಾಡಿದವರು, ಮೂರು ತಿಂಗಳಲ್ಲಿ ಹೋಗೋರು. ನಮ್ಮಮ್ಮನಿಗೆ ಕಣ್ಣು ಮಂಜಾದಾಗ ಓದುವ ಪುಸ್ತಕಗಳನ್ನೆಲ್ಲ ದನಿಗೆ ಹಾಕಿಕೊಟ್ಟೋರು ನೀವು. ಹೇಗೆ ತೋರಿಸ್ಲಿ?”

ಇದೂ ಒಂದು ಕರುಣೆಯೇ, ಎಂದುಕೊಂಡಳು ವಿಯೆನೊ. ಸರಿಯಾದ ಕಡೆ ಇಳಿಯದ ಕರುಣೆ.

“ನನ್ನ ಮೇಲೆ ದಯೆ ತೋರಿಸಿದ್ರಿ, ಸಂತೋಷ. ಅದನ್ನ ತೀರಿಸ್ತಿರೋಳು ಆ ಹುಡುಗಿ.”

ಅವನು ತಲೆ ತಗ್ಗಿಸಿದ.

ಬ್ರೈಲ್ ಕೋಣೆಯ ಇಮೇಲಿಗೆ ಒಂದೇ ಅಂಚೆಪೆಟ್ಟಿಗೆ. ಯಾರು ಉತ್ತರಿಸಿದರೂ ಕೆಳಗೆ ವಿಯೆನೊಳ ಹೆಸರೇ ಬರುವಂತೆ ವರ್ಷಗಳ ಹಿಂದೆ ಅವಳೇ ಏರ್ಪಾಡು ಮಾಡಿದ್ದಳು. ಶಿಕ್ಷಕರಿಗೆ ಯಾರನ್ನು ಕೇಳಬೇಕೆಂಬ ಗೊಂದಲ ಬೇಡ ಎಂದು. ಡೆಲ್ಫೀನಳಿಗೆ ನೆರವಾಗುವುದೇನಾದರೂ ಸಿಗಬಹುದೆಂದು ನಿನ್ನೆ ಇಡೀ ದಿನ ಆ ಪೆಟ್ಟಿಗೆಯನ್ನು ಸೋಸಿದ್ದಳು. ಟ್ರೆವಾರೊನ ಇಮೇಲೂ ಇರಲಿಲ್ಲ, ಈ ಉತ್ತರವೂ ಇರಲಿಲ್ಲ. ಯಾರೋ ಎರಡನ್ನೂ ಅಳಿಸಿದ್ದರು.

ಆ ಪೆಟ್ಟಿಗೆ ತೆರೆಯುವ ಗುಪ್ತಪದ ಇದ್ದದ್ದು ಮೂವರ ಬಳಿ. ಅವಳು. ಡೀನ್ ಬ್ಯೂಡ್ರಿ. ವೆಂಡೆಲ್.

ಬ್ಯೂಡ್ರಿಯೇ ಇರಲಿ ಎಂದು ಮನಸ್ಸು ಹಂಬಲಿಸುತ್ತಿರುವುದನ್ನು ಗಮನಿಸಿ ಅವಳಿಗೆ ನಾಚಿಕೆಯಾಯಿತು. ಹಾಗೆ ಹಂಬಲಿಸುವವರು ಪತ್ತೆ ಮಾಡುವ ಕೆಲಸಕ್ಕೆ ಇಳಿಯಬಾರದು.

“ಇದನ್ನ ಮುದ್ರಿಸಿಕೊಡಿ,” ಎಂದಳು. “ಟಿಪ್ಪಣಿ, ನಿಮ್ಮ ಇಮೇಲ್, ಉತ್ತರ. ಮೂರೂ ಒಂದೇ ಹಾಳೆಯಲ್ಲಿ.”

“ಇದು ವಿಚಾರಣೆಗೆ ಹೋದ್ರೆ ಹುಡುಗಿ ಉಳೀತಾಳೆ. ಆದ್ರೆ ಕೆಳಗಿರೋದು ನಿಮ್ಮ ಹೆಸರು, ವಿಯೆನೊ. ಬರೆದೋರು ನೀವಲ್ಲ ಅಂದ್ರೆ ಯಾರು ಅಂತ ಕೇಳ್ತಾರೆ. ಉತ್ತರ ಕೊಡೋಕಾಗದಿದ್ರೆ ನೀವೇ ಅಂತಾರೆ.”

“ಮುದ್ರಿಸಿ.”

ಯಂತ್ರ ಕೆಮ್ಮಿ ಕೆಮ್ಮಿ ಒಂದು ಹಾಳೆಯನ್ನು ಹೊರಗೆ ಬಿಟ್ಟಿತು. ಅವನು ಅದನ್ನು ಕೊಡುವ ಮುನ್ನ ತನ್ನ ಸಹಿ ಹಾಕಿದ. ಸಹಿ ಹಾಕು ಎಂದು ಅವಳು ಕೇಳಿರಲಿಲ್ಲ.

“ನಾನೂ ಎರಡಕ್ಕೆ ಬರ್ತೀನಿ,” ಎಂದ. “ಮುಂದಿನ ಅವಧಿ ಸಿಗಲ್ಲ, ಅಷ್ಟೇ ತಾನೇ.” ಆಮೇಲೆ, “ಈ ಪ್ಯಾಸ್ಟಿ ಅರ್ಧ ತಗೊಂಡು ಹೋಗ್ತೀರಾ? ನನಗೆ ಇಳೀತಿಲ್ಲ.”

*

ವಿಯೆನೊ ಮರಳಿದಾಗ ಒಂದೂ ಕಾಲು.

ವೆಂಡೆಲ್ ಡೆಲ್ಫೀನಳ ಕುರ್ಚಿಯ ಹಿಂದೆ ನಿಂತಿದ್ದ. ಮೇಜಿನ ಮೇಲೆ ವಿಚಾರಣೆ ನಡೆಯುವ ಕೋಣೆಯ ಉಬ್ಬುನಕ್ಷೆ. ಬಾಗಿಲು ಎಲ್ಲಿ, ಮೇಜು ಎಲ್ಲಿ, ಯಾರು ಯಾವ ಕಡೆ ಕೂರುತ್ತಾರೆ, ಎಲ್ಲವೂ ಬೆರಳಿಗೆ ಸಿಗುವ ಹಾಗೆ. ವಿಯೆನೊ ಹೊರಗೆ ಹೋಗಿದ್ದ ಹೊತ್ತಿನಲ್ಲಿ ಅವನು ಅದನ್ನು ಮಾಡಿದ್ದ. ನಾಲ್ಕು ಮೂಲೆಗಳೂ ದುಂಡಗಿದ್ದವು.

“ಕಾಫಿ ಬಿಸಿಯಿದೆ,” ಎಂದ ವೆಂಡೆಲ್.

ವಿಯೆನೊ ಹಾಳೆಯನ್ನು ನಾಲ್ಕಾಗಿ ಮಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡು ಬಂದಿದ್ದಳು. ಅದರ ಬಗ್ಗೆ ಈಗಲೇ ಬಾಯಿ ಬಿಡಬಾರದೆಂದು ಅಂಗಳ ದಾಟುವಾಗ ನಿರ್ಧರಿಸಿದ್ದಳು. ಆದರೆ ಹುಡುಗಿಯನ್ನು ಇನ್ನೊಂದು ನಿಮಿಷವೂ ಕಾಯಿಸುವುದು ಅವಳಿಂದಾಗಲಿಲ್ಲ.

“ಡೆಲ್ಫೀನ್, ನಿನ್ನ ಟಿಪ್ಪಣಿ ಟ್ರೆವಾರೊಗೆ ತಲುಪಿತ್ತು. ಒಪ್ಕೊಂಡಿದಾನೆ. ಎರಡು ಗಂಟೆಗೆ ಬಂದು ಅದನ್ನೇ ಹೇಳ್ತಾನೆ.”

ಡೆಲ್ಫೀನ್ ಎರಡೂ ಅಂಗೈಗಳನ್ನು ನಕ್ಷೆಯ ಮೇಲೆ ಚಪ್ಪಟೆಯಾಗಿ ಇಟ್ಟಳು, ನೆಲ ಅಲ್ಲೇ ಇದೆಯೇ ಎಂದು ನೋಡುವವಳ ಹಾಗೆ.

“ನಾನು ಸುಳ್ಳು ಹೇಳಲಿಲ್ಲ,” ಎಂದಳು.

“ಇಲ್ಲ ಕಣೇ.”

“ನನಗೇ ಅನುಮಾನ ಬಂದಿತ್ತು, ಮಿಸ್. ಬರೆದೆ ಅಂದ್ಕೊಂಡು ಬರೆದಿಲ್ವೇನೋ ಅಂತ.”

ವೆಂಡೆಲ್ ಕಾಫಿಯ ಲೋಟವನ್ನು ತಂದು ವಿಯೆನೊಳ ಕೈಗೆ ಕೊಟ್ಟ. ಹಿಡಿಯನ್ನು ಅವಳ ಕಡೆ ತಿರುಗಿಸಿ, ಯಾವತ್ತಿನ ಹಾಗೆ. ಅವನ ಕಣ್ಣು ಕೆಂಪಾಗಿತ್ತು.

“ನೀವು ಇದನ್ನ ತಲೆಗೆ ಹಚ್ಕೋಬೇಡಿ,” ಎಂದ ಮೆತ್ತಗೆ. “ಎರಡು ನಿಮಿಷದಲ್ಲಿ ಕೊಟ್ಟ ಉತ್ತರ ಅದು. ಅವಸರದಲ್ಲಿ ಯಾರಾದ್ರೂ ದೋಷ ಇಲ್ಲ ಅಂತಲೇ ಬರೀತಾರೆ. ನಿಮ್ಮನ್ನ ಯಾರೂ ದೂರಲ್ಲ.”

ಅವಳು ಬಲೆ ಬೀಸಿರಲಿಲ್ಲ. ಬೀಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಲೋಟದ ಬಿಸಿ ಅಂಗೈಗೆ ತಾಗುತ್ತಿತ್ತು, ಆದರೂ ಅವಳು ಅದನ್ನು ಕೆಳಗಿಡಲಿಲ್ಲ.

ಮೊದಲು ಮಾತಾಡಿದವಳು ಡೆಲ್ಫೀನ್. ಆರು ವರ್ಷಗಳಿಂದ ಜಗತ್ತನ್ನು ಕಿವಿಯಲ್ಲೇ ಓದಿದವಳು. ಮುಖವನ್ನು ನಿಧಾನವಾಗಿ ವೆಂಡೆಲ್‌ನ ದನಿ ಬಂದ ಕಡೆಗೆ ತಿರುಗಿಸಿದಳು.

“ಯಾವ ಉತ್ತರ, ವೆಂಡೆಲ್?”

ಅವನು ಮತ್ತೆ ಅವಳ ಕುರ್ಚಿಯ ಹಿಂದೆ ಹೋಗಿ, ಅದರ ಬೆನ್ನಿನ ಮೇಲೆ ಕೈಯಿಟ್ಟ.

“ಮಿಸ್ ಹೇಳಿದ್ದು ನನ್ನ ಟಿಪ್ಪಣಿ ತಲುಪಿತ್ತು ಅಂತ. ಉತ್ತರದ ಮಾತು ಅವರು ಎತ್ತಲೇ ಇಲ್ಲ. ಎರಡು ನಿಮಿಷ ಅಂತ ನಿಮಗೆ ಯಾರು ಹೇಳಿದ್ರು?”

ವೆಂಡೆಲ್ ಓಯಲ ಅವಳ ಕುರ್ಚಿಯ ಬೆನ್ನಿನಿಂದ ಕೈ ತೆಗೆದ. ನಕ್ಷೆಯ ಮೇಲಿದ್ದ ಅವಳ ಬೆರಳನ್ನು ಬಹಳ ಹಗುರಾಗಿ ಹಿಡಿದು, ಅವಳ ಜಾಗದಿಂದ ಮೇಜಿನ ಆಚೆಯ ಬದಿಗೆ, ಡೀನ್ ಬ್ಯೂಡ್ರಿಯ ಪಕ್ಕದ ಕುರ್ಚಿಗೆ ಒಯ್ದು ಇಟ್ಟ.

“ನಾನು ಕೂರೋದು ಇಲ್ಲಿ, ಮರಿ,” ಎಂದ. “ಬೆಳಿಗ್ಗೆನೇ ಹೇಳಿಕೆಗೆ ಸಹಿ ಮಾಡಿಕೊಟ್ಟಿದೀನಿ. ನಾನು ಅವರ ಕಡೆ ಸಾಕ್ಷಿ.”